ಟವೆಲ್ ಕೆಳಗಿನ ಕೈ

ನಾನು ರಂಗಕ್ಕ, ಪರಶುರಾಂಪುರದೋಳು. ನನ್ನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ. ದನಿ ಮಾತ್ರ ನಿಮ್ಮ ಫೋನಿನಾಗೆ ಒಂದ್ಸಾರಿಯಾದ್ರೂ ಕೂಗೈತೆ. "ಬೆರಳು ಹಿಡ್ಕೊಂಡು ಏನ್ ಹಲ್ಲು ಕಿರೀತೀಯಾ? ಬಾಯಿ ಬಿಟ್ಟು ಹೇಳಲೇ!" ಅಂತ. ಅದು ನಾನೇ ಕಣ್ರಪ್ಪ.

ಚಳ್ಳಕೆರೆ ಕುರಿ ಸಂತೆಯಾಗೆ ರೇಟು ಬಾಯಿಬಿಟ್ಟು ಹೇಳೋ ಪದ್ಧತಿ ಇಲ್ಲ. ದಲ್ಲಾಳಿ ನಿಮ್ಮ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಇಷ್ಟು ಅಂತ ತಿಳಿಸ್ತಾನೆ. ಸುತ್ತ ನಿಂತೋರಿಗೆ ಗೊತ್ತಾಗಬಾರದು, ಅಷ್ಟೇ. ನಮ್ಮ ಯಜಮಾನ ಕ್ಯಾತಪ್ಪನಿಗೆ ಸೊಂಟ ಹಿಡ್ಕೊಂಡ ಮೇಲೆ ನಾನೇ ಸಂತೆಗೆ ಹೋಗೋಕೆ ಶುರು ಮಾಡಿದೆ. ಎರಡು ವರ್ಷದ ಹಿಂದೆ ಒಂದಿನ ನಾಗೇಂದ್ರಪ್ಪ ಅನ್ನೋ ದಲ್ಲಾಳಿ ರೇಟು ಹೇಳಿ ಮುಗಿಸಿದ ಮೇಲೂ ಬೆರಳು ಬಿಡಲಿಲ್ಲ. ಅಂಗೈಯಾಗೆ ಉಗುರಿಂದ ಗೀರಿ ಹಲ್ಲು ಕಿರಿದ. ಮೈಯೆಲ್ಲಾ ಉರಿದು ಹೋಯ್ತು ನನಗೆ! ಟವೆಲ್ ಕಿತ್ತು ಅವನ ಮುಖಕ್ಕೆ ಎಸೆದು ಆ ಮಾತು ಕೂಗಿದೆ. ಯಾವನೋ ಫೋನ್ ಹಿಡಿದಿದ್ದ. ಕೂಗಿದ್ದಷ್ಟೇ ಅವನಿಗೆ ಸಿಕ್ಕಿದ್ದು. ಅದರ ಹಿಂದಿನದು ಟವೆಲ್ ಕೆಳಗೇ ಉಳೀತು.

ಆಮೇಲೆ ನೋಡ್ರಿ ತಮಾಷೆ. ರೀಲ್ಸ್‌ನಾಗೆ ಹುಡುಗ ಉಂಗುರ ಹಿಡ್ಕೊಂಡು ಮಂಡಿ ಊರ್ತಾನೆ, ಹುಡುಗಿ ನನ್ನ ದನಿಗೆ ತುಟಿ ಆಡಿಸ್ತಾಳೆ. ಮೂರು ತಿಂಗಳು ಅದೇ ಹುಚ್ಚು, ಆಮೇಲೆ ತಣ್ಣಗಾಯ್ತು. ಪೀಡೆ ತೊಲಗ್ತು ಅಂದ್ಕೊಂಡೆ. ಈ ಯುಗಾದಿಗೆ ಯಾವನೋ ಅದಕ್ಕೆ ಡಿಜೆ ಹಾಕಿದ, ಮತ್ತೆ ಎದ್ದು ಕುಂತ್ಕೊಂತು! ಮೊಳಕಾಲ್ಮುರಿನ ರೇಷ್ಮೆ ಸೀರೆ ಅಂಗಡಿಯೋರೂ ತಮ್ಮ ಜಾಹೀರಾತಿಗೆ ಹಾಕ್ಕೊಂಡ್ರು. ಮದುಮಗಳು ಸೀರೆ ರೇಟು ಕೇಳ್ತಾಳಂತೆ, ನನ್ನ ಬಾಯಾಗೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸಂತೆಯಾಗೆ ಹೈಕಳು ನಾಗೇಂದ್ರಪ್ಪನ್ನ ಕಂಡ್ರೆ ಸಾಕು, "ಬಾಯಿ ಬಿಟ್ಟು ಹೇಳಲೇ" ಅಂತ ಕೂಗೋಕೆ ಹತ್ತಿದ್ವು. ಅವನ ಸಿಟ್ಟು ನನ್ನ ಮೇಲೆ ತಿರುಗ್ತು. ದಲ್ಲಾಳಿಗಳೆಲ್ಲಾ ಒಂದಾದ್ರು. ಮೂರು ವಾರ ಹನ್ನೊಂದು ಟಗರುಮರಿ ಹೊಡ್ಕೊಂಡು ಹೋದೆ, ಮೂರು ವಾರನೂ ವಾಪಸ್. ಒಬ್ಬನೂ ಮುಟ್ಟಲಿಲ್ಲ.

"ತಪ್ಪಾಯ್ತು ಅಂತ ಒಂದು ವಿಡಿಯೋ ಮಾಡಿ ಬಿಡು ರಂಗಕ್ಕ. ಇಲ್ಲಾಂದ್ರೆ ಈ ಸಂತೆ ಮರೆತುಬಿಡು" ಅಂದ ನಾಗೇಂದ್ರಪ್ಪ.

ಮನೆಯಾಗೆ ಕ್ಯಾತಪ್ಪನೂ, "ಒಂದು ಮಾತು ಅಂದ್ರೆ ಗಂಟೇನು ಹೋಗ್ತೈತೆ?" ಅಂದ. ಮಗಳು ತೇಜಶ್ರೀ, ಚಳ್ಳಕೆರೆಯಾಗೆ ಡಿಗ್ರಿ ಓದೋಳು, "ವಿಡಿಯೋ ತಾನೇ ಬೇಕು ಅವ್ರಿಗೆ? ಮಾಡಾನ ಬಾ ಅವ್ವ" ಅಂದ್ಳು.

ನಾಲ್ಕನೇ ವಾರ ಸಂತೆ ನಡುವೆ ನಿಂತೆ. ಮಗಳು ಫೋನ್ ಹಿಡಿದ್ಳು. ದಲ್ಲಾಳಿಗಳು ತಪ್ಪೊಪ್ಪಿಗೆ ಕೇಳೋಕೆ ಸುತ್ತ ಸೇರಿದ್ರು.

"ನನ್ನ ದನಿಗೆ ಕುಣಿಯೋ ಮಕ್ಕಳೇ, ಆ ಮಾತು ಯಾಕೆ ಬಂತು ಕೇಳ್ರಿ. ಟವೆಲ್ ಕೆಳಗೆ ಒಬ್ಬ ನನ್ನ ಬೆರಳು ಬಿಡಲಿಲ್ಲ, ಅಂಗೈ ಗೀರಿದ. ಅದಕ್ಕೆ ಕೂಗಿದೆ. ನಾಳೆ ಹಿಡಿದ್ರೂ ಕೂಗ್ತೀನಿ."

"ಯಾರಿಗಂತೀಯಲೇ? ನಾನೇನು ಮಾಡಿದ್ದೆ?" ಅಂತ ನಾಗೇಂದ್ರಪ್ಪ ಎಗರಿ ಬಂದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನು ಹೆಸರೇ ಎತ್ತಿರಲಿಲ್ಲ.

ಬಿಸಿಲು ಏರ್ತು. ಮಗಳು ಹಾಕಿದ ವಿಡಿಯೋನ ನೂರು ಜನಾನೂ ನೋಡಿರಲಿಲ್ಲ. ಅದಕ್ಕೆ ಡಿಜೆ ಯಾರು ಹಾಕ್ತಾರೆ? ಮರಿ ಕೇಳೋರೂ ಇಲ್ಲ. ಸತ್ಯವಾಗ್ಲೂ ಅಳು ಬಂತು ನನಗೆ. ಆದ್ರೂ ಅಲ್ಲಿಂದ ಕದಲಲಿಲ್ಲ.

ಆಗ ದೇವಸಮುದ್ರದ ವನಜಾಕ್ಷಿ ಬಂದ್ಳು. ಕುರಿ ಸಾಕೋದು ಅವಳು, ಸಂತೆಗೆ ಮೈದುನನ್ನ ಕಳಿಸ್ತಾಳೆ. ಅವತ್ತು ಅವನನ್ನ ಹಿಂದೆ ನಿಲ್ಲಿಸಿ ತಾನೇ ಮುಂದೆ ಬಂದು, ಮರಿಗಳ ಬೆನ್ನು ಒತ್ತಿ ನೋಡಿ, ಇಡೀ ಸಂತೆಗೆ ಕೇಳೋ ಹಂಗೆ ರೇಟು ಹೇಳಿದ್ಳು. ನಾನೂ ಕೂಗಿ ಜಾಸ್ತಿ ಕೇಳಿದೆ. ಚೌಕಾಸಿ ಮುಗಿದು ಹನ್ನೊಂದೂ ಅವಳ ಪಾಲಾದ್ವು.

ವನಜಾಕ್ಷಿ ತಿರುಗಿ, "ಈ ಕಡೆ ಹಿಡಿ ಮಗಳೇ ಫೋನು" ಅಂದ್ಳು. ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡ್ಳು.

"ಐದು ವರ್ಷದ ಹಿಂದೆ ಇದೇ ನಾಗೇಂದ್ರಪ್ಪ ನನ್ನ ಕೈನೂ ಹಿಂಗೇ ಹಿಡಿದಿದ್ದ. ನಾನು ಬಾಯಿ ಮುಚ್ಕೊಂಡು ಮನೆಗೆ ಹೋದೆ. ಅವತ್ತಿಂದ ಇವತ್ತಿನ ತನಕ ಸಂತೆಗೆ ಬಂದಿರಲಿಲ್ಲ."

ನಾಗೇಂದ್ರಪ್ಪ ಮೆಲ್ಲಗೆ ಗೇಟಿನ ಕಡೆ ಹೊರಟ.

"ಎಲ್ಲಿಗ್ರೀ? ನಿಲ್ರೀ" ಅಂದ್ಳು ವನಜಾಕ್ಷಿ. "ನಂದಿನ್ನೂ ಮುಗಿದಿಲ್ಲ."