ಮಡಿಯ ಬಿದಿರಿನಲ್ಲಿ ನಿಂತ ನೀರು

ನಿತ್ಯಾನಂದ, ನಿನ್ನ ಮೆಸೇಜು ನೋಡಿದೆ. "ಭಟ್ರೇ, ಫೋಟೋದಲ್ಲಿ ನಿಮ್ಮ ಮೊಮ್ಮಗಳನ್ನು ಮಡಿಲಲ್ಲಿಟ್ಟು ಕೂತ ಆ ಕ್ರಿಶ್ಚಿಯನ್ ಬಾಯಿ ಯಾರು? ಅದೂ ಮನೆಯೊಳಗೆ, ನಿಮ್ಮ ಚಾವಡಿಯಲ್ಲಿ! ಮಂಡೆ ಸಮ ಉಂಟಾ?" ಅಂತ ಕೇಳಿದ್ದಿ. ಮಂಡೆ ಸಮ ಉಂಟು. ಟೈಪು ಮಾಡಲು ಕಣ್ಣು ಸಮ ಇಲ್ಲ, ಹಾಗಾಗಿ ಮಾತಾಡ್ತಿದ್ದೇನೆ. ನಿನ್ನ ಹೋಟೆಲಿನ ಗಡಿಬಿಡಿ ಮುಗಿದ ಮೇಲೆ ಕೂತು ಕೇಳು.

ಅವರು ಉರ್ಸುಲಾಬಾಯಿ. ಮನೆಮನೆಗೆ ಬಂದು ಸೊಳ್ಳೆ ಮರಿ ಉಂಟಾ ಅಂತ ನೋಡುವವರು. ಮಣ್ಣಗುಡ್ಡದ ನಮ್ಮ ಓಣಿ ಅವರಿಗೆ ಸೇರಿದ್ದು. ಹೆಗಲಿಗೊಂದು ಚೀಲ, ಕೈಯಲ್ಲಿ ಟಾರ್ಚು, ಮಳೆಗಾಲದಲ್ಲಿ ಮೊಣಕಾಲಿನವರೆಗೆ ಕೆಸರು. ಬಾವಿ ನೋಡುವುದು, ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ನೋಡುವುದು, ತುಳಸಿ ಕಟ್ಟೆಯ ಬುಡ ನೋಡುವುದು. ಕೊನೆಗೆ ಪ್ರತಿ ಸಲವೂ ಒಂದೇ ಪ್ರಶ್ನೆ, "ಭಟ್ರೇ, ಟೆರೇಸು?"

ನಾನೂ ಪ್ರತಿ ಸಲ ಒಂದೇ ಉತ್ತರ ಕೊಡ್ತಿದ್ದೆ. "ಮೇಲೆ ಮಡಿ ಬಟ್ಟೆ ಉಂಟು. ಯಾರೂ ಹೋಗಲಿಕ್ಕಿಲ್ಲ. ನೀರೂ ಇಲ್ಲ, ಎಂತದೂ ಇಲ್ಲ."

ನಿನಗೆ ಗೊತ್ತುಂಟಲ್ಲ, ದೇವಸ್ಥಾನದ ಪೂಜೆಗೆ ಉಡುವ ಪಂಚೆಯನ್ನು ಒಗೆದು ಒಣಗಿಸಿದ ಮೇಲೆ ಬೇರೆಯವರು ಮುಟ್ಟುವ ಹಾಗಿಲ್ಲ. ಅದಕ್ಕಾಗಿ ಟೆರೇಸಿನಲ್ಲಿ ನಾನೇ ನಾಲ್ಕು ಬಿದಿರು ಕಡಿದು ಕಂಬ ನೆಟ್ಟು, ಅಡ್ಡಕ್ಕೆ ಗಳ ಕಟ್ಟಿದ್ದೆ. ಬಾಗಿಲಿಗೆ ಬೀಗ. ಕೀ ನನ್ನ ಸೊಂಟದಲ್ಲಿ. ನನ್ನ ಹೆಂಡತಿ ನೀರಜಾಕ್ಷಿಗೂ ಮೇಲೆ ಹೋಗಬೇಕಾದರೆ ನನ್ನನ್ನು ಕೇಳಬೇಕಿತ್ತು. ಅಷ್ಟು ದೊಡ್ಡ ಯಜಮಾನ ನಾನು.

ಈ ಸಲ ಆಟಿ ತಿಂಗಳ ಮಳೆಯಲ್ಲಿ ನಮ್ಮ ಸೊಸೆ ರಂಜಿನಿಗೆ ಆರು ತಿಂಗಳು. ಮದುವೆಯಾಗಿ ಎಂಟು ವರ್ಷದ ಮೇಲೆ ನಿಂತ ಬಸಿರು ಮಾರಾಯ. ಓಣಿಯಲ್ಲಿ ಎರಡು ಮನೆಗೆ ಡೆಂಗ್ಯೂ ಬಂದಿತ್ತು. ಹಾಗಾಗಿ ನಾನು ಕೆಳಗೆ ಮಾಡದ ಕೆಲಸ ಇಲ್ಲ. ಅಂಗಳದ ತೆಂಗಿನ ಚಿಪ್ಪೆಲ್ಲ ಕವುಚಿ ಹಾಕಿದೆ. ಕಿಟಕಿಗೆ ಬಲೆ ಹೊಡೆಸಿದೆ. ಬೇವಿನ ಎಲೆಯ ಹೊಗೆ ಹಾಕಿದೆ. ಮಗ ಕೃಷ್ಣಕಿಶೋರ್ ಬ್ಯಾಂಕಿನಿಂದ ಬರುವಾಗ ಸೊಳ್ಳೆ ಹೊಡೆಯುವ ಬ್ಯಾಟು ತಂದ. ನಾನು ಅದನ್ನು ಬೀಸಿದ ರಭಸಕ್ಕೆ ದೇವರ ಕೋಣೆಯ ಗಂಟೆ ಕೆಳಗೆ ಬಿತ್ತು.

"ಆ ಬ್ಯಾಟು ಕೆಳಗಿಡಿ. ನುಸಿಗಿಂತ ನಿಮ್ಮದೇ ಹೆದರಿಕೆ," ಅಂದಳು ನೀರಜಾಕ್ಷಿ.

ಇಷ್ಟಾದರೂ ಉಪ್ಪರಿಗೆಯಲ್ಲಿ ರಂಜಿನಿ ಮಲಗುವ ಕೋಣೆಗೆ ಹಗಲು ಹೊತ್ತಿನಲ್ಲೇ ಸೊಳ್ಳೆ. ಕಾಲಿನಲ್ಲಿ ಬಿಳಿ ಪಟ್ಟೆ ಇರುವ ಜಾತಿ. ಕೋಣೆಯ ಬಾಗಿಲು ಟೆರೇಸಿನ ಮೆಟ್ಟಿಲಿಗೇ ತೆರೆಯುವುದು. ನನ್ನ ಮಂಡೆಗೆ ಹೋಗಲಿಲ್ಲ. ನೆರೆಮನೆಯವರನ್ನು ಬೈದೆ.

ಒಂದು ಮಂಗಳವಾರ ಅವಳಿಗೆ ಜ್ವರ ಬಂತು. ಎರಡು ದಿನ ಕಳೆದು ರಕ್ತ ನೋಡಿ ಡೆಂಗ್ಯೂ ಅಂದರು. ಪ್ಲೇಟ್‌ಲೆಟ್ ಇಳಿಯುತ್ತಾ ಇತ್ತು. "ಇಬ್ಬರನ್ನೂ ನೋಡಬೇಕಲ್ಲ, ಅಡ್ಮಿಟ್ ಮಾಡುವ," ಅಂದರು ಡಾಕ್ಟರು.

ತಡಿ, ನೀರು ಕುಡಿದು ಮತ್ತೆ ಹೇಳ್ತೇನೆ.

ಹಾಂ. ಮರುದಿನ ಬೆಳಿಗ್ಗೆ ನಾನು ಮೆಟ್ಟಿಲಿನ ಮೇಲೆ ಕೂತಿದ್ದೆ. ಮಳೆ ಬಿಟ್ಟಿತ್ತು. ಉರ್ಸುಲಾಬಾಯಿ ಗೇಟು ತೆಗೆದು ಬಂದರು. ಐದು ಸಲ ಟೆರೇಸು ತೋರಿಸದೆ ಕಳಿಸಿದ ಮುದುಕ ನಾನು. ಅವರ ಜಾಗದಲ್ಲಿ ನಾನಿದ್ದರೆ "ಹಾಗೇ ಆಗ್ಬೇಕು ನಿಮ್ಗೆ" ಅಂತಿದ್ದೆ. ಸುಳ್ಳು ಯಾಕೆ ಹೇಳಲಿ?

ಅವರು ಬೈಯಲಿಲ್ಲ. "ರಂಜಿನಿ ಹೇಗಿದ್ದಾರೆ?" ಅಂತ ಕೇಳಿದರು. ಮತ್ತೆ ಕೈ ಚಾಚಿದರು. "ಕೀ ಕೊಡಿ ಭಟ್ರೇ. ಅವರು ಗುಣವಾಗಿ ಬರುವುದು ಇದೇ ಮನೆಗಲ್ವಾ? ಇನ್ನೊಮ್ಮೆ ಕಚ್ಚಿದ್ರೆ ಎಂತ ಮಾಡ್ತೀರಿ?"

ಕೀ ಕೊಟ್ಟೆ. ಹಿಂದೆಯೇ ನಾನೂ ಹತ್ತಿದೆ. ಬಿಸಿಲು ಕಂಡದ್ದಕ್ಕೆ ನಾನು ಬೆಳಿಗ್ಗೆಯೇ ಪಂಚೆ ಹರಡಿದ್ದೆ. ಉರ್ಸುಲಾಬಾಯಿ ಬಗ್ಗಿ ಬಗ್ಗಿ, ಬಟ್ಟೆಗೆ ಮೈ ತಾಗದ ಹಾಗೆ ದಾಟಿದರು. ಟಾಂಕಿಯ ಮುಚ್ಚಳ ನೋಡಿದರು, ಗಟ್ಟಿ ಇತ್ತು. ನೀರು ಹೋಗುವ ಪೈಪಿಗೆ ಟಾರ್ಚು ಹಾಕಿದರು, ಅಲ್ಲೂ ಇಲ್ಲ. ನನಗೆ ಆ ಹೊತ್ತಿನಲ್ಲೂ ಗರ್ವ ನೋಡು.

"ಕಂಡ್ರಾ? ನಾನು ಹೇಳ್ಲಿಲ್ವಾ, ನೀರಿಲ್ಲ ಅಂತ?"

ಅವರು ಒಂದು ಬಕೆಟು ಕವುಚಿ ಹಾಕಿ ಅದರ ಮೇಲೆ ಹತ್ತಿದರು. ನಾನು ನೆಟ್ಟ ಬಿದಿರಿನ ತುದಿಗೆ ಟಾರ್ಚು ಬಿಟ್ಟರು. ಮೇಲೆ ಹತ್ತುವಾಗ ಅವರ ಹೆಗಲು ಪಂಚೆಗೆ ತಾಗಿಹೋಯಿತು.

"ಅಯ್ಯೋ, ಮುಟ್ಟಿತಲ್ಲ ಭಟ್ರೇ!"

"ಮುಟ್ಟಲಿ ಬಾಯಿ. ಪಂಚೆಯನ್ನು ಇನ್ನೊಮ್ಮೆ ನೀರಿಗೆ ಅದ್ದಿದರೆ ಆಯ್ತು. ರಂಜಿನಿಯನ್ನು ಎಲ್ಲಿ ಅದ್ದುವುದು? ನೀವು ನೋಡಿ," ಅಂದೆ. ಎಪ್ಪತ್ತಾರು ವರ್ಷದಲ್ಲಿ ಆ ಮಾತು ನನ್ನ ಬಾಯಿಯಿಂದ ಮೊದಲ ಸಲ ಬಂದದ್ದು.

ಅವರು ರಬ್ಬರಿನ ನಳಿಗೆಯಿಂದ ಬಿದಿರಿನೊಳಗಿನ ನೀರು ಎಳೆದು ಬಿಳಿ ಬಟ್ಟಲಿಗೆ ಬಿಟ್ಟರು. "ಬನ್ನಿ, ಕನ್ನಡಕ ಹಾಕಿ ನೋಡಿ."

ನೋಡಿದೆ. ಬಟ್ಟಲು ತುಂಬ ಸಣ್ಣ ಸಣ್ಣ ಹುಳ. ತಲೆ ಕೆಳಗೆ, ಬಾಲ ಮೇಲೆ, ಕೊಂಕಿ ಕೊಂಕಿ ಕುಣಿಯುತ್ತಿದ್ದವು. ಬಿದಿರನ್ನು ಗಂಟಿನಿಂದ ಒಂದು ಗೇಣು ಮೇಲೆ ಕಡಿದಿದ್ದೆ ನಾನು. ಗಂಟಿನ ಮೇಲಿನ ಟೊಳ್ಳು ಲೋಟದ ಹಾಗೆ ನಿಂತಿತ್ತು, ಮಳೆ ಬಂದು ಬಂದು ತುಂಬಿತ್ತು. ನಾಲ್ಕು ಕಂಬದಲ್ಲಿ ಮೂರರಲ್ಲಿ ಹುಳ. ದಿನಾ ಎರಡು ಹೊತ್ತು ಅದರ ಬುಡದಲ್ಲೇ ನಿಂತು, ಮಂತ್ರ ಹೇಳುತ್ತಾ ಬಟ್ಟೆ ಹರವಿದವನು ನಾನು. ಬೀಗ ಹಾಕಿ ಕಾಪಾಡಿದ್ದು ಈ ಹುಳಗಳನ್ನು.

"ನಾನೇ ಸಾಕಿದ್ದು ಬಾಯಿ," ಅಂದೆ.

"ಎಲ್ಲರ ಮನೆಯಲ್ಲೂ ಎಲ್ಲಿಯಾದರೂ ಇರ್ತದೆ ಭಟ್ರೇ. ಕೂತು ಬೇಜಾರು ಮಾಡಬೇಡಿ. ಗರಗಸ ಉಂಟಾ?"

ಇತ್ತು. ಅವರು ಕಂಬ ಹಿಡಿದರು, ನಾನು ಗಂಟಿನ ಸರಿ ಮೇಲಕ್ಕೆ ಕೊಯ್ದೆ, ಇನ್ನು ನೀರು ನಿಲ್ಲದ ಹಾಗೆ. ಒಂದು ಕಂಬ ಗೋಡೆಗೆ ಒತ್ತಿ ನಿಂತದ್ದರಿಂದ ಗರಗಸ ಆಡಲಿಲ್ಲ, ಅದಕ್ಕೆ ಬಾಯಿವರೆಗೆ ಮರಳು ತುಂಬಿಸಿದೆವು. ಆಮೇಲೆ ಅವರು ಕೆಳಗಿಳಿದು ರಂಜಿನಿಯ ಹಾಸಿಗೆಗೆ ಸೊಳ್ಳೆ ಪರದೆ ಕಟ್ಟುವುದು ಹೇಗೆ, ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸುವುದು ಹೇಗೆ ಅಂತ ನೀರಜಾಕ್ಷಿಗೆ ತೋರಿಸಿದರು. "ಹಗಲಿಗೂ ಕಟ್ಟಿ ಅಮ್ಮ. ಇದು ಹಗಲು ಕಚ್ಚುವ ಜಾತಿ. ಉದ್ದ ತೋಳಿನ ನೈಟಿ ಹಾಕಲಿ." ಆ ದಿನ ಅವರು ನಮ್ಮ ಚಾವಡಿಯಲ್ಲಿ ಕೂತು ಕಾಫಿ ಕುಡಿದರು. ಅದುವರೆಗೆ ಒಂದು ಲೋಟ ನೀರನ್ನೂ ನಾವು ಜಗಲಿಯಲ್ಲೇ ಕೊಡುತ್ತಿದ್ದದ್ದು. ಹೇಳಲು ನಾಚಿಕೆ ಆಗ್ತದೆ, ಆದರೆ ಇದ್ದದ್ದು ಹಾಗೆ.

ಐದನೇ ದಿನ ಪ್ಲೇಟ್‌ಲೆಟ್ ಏರಲು ಶುರುವಾಯಿತು. ಒಂಬತ್ತನೇ ದಿನ ರಂಜಿನಿ ಮನೆಗೆ ಬಂದಳು. ನಾನು ಅವಳೆದುರು ಕೂತು ಬಿದಿರಿನ ಕತೆ ಪೂರ್ತಿ ಹೇಳಿದೆ. ಒಂದಕ್ಷರ ಮುಚ್ಚಿಡಲಿಲ್ಲ.

"ಮಾವ, ನೀವು ನನಗೆ ಊಟ ಬಡಿಸ್ತಾ ಇದ್ದೀರಿ ಅಂತ ಗ್ರಹಿಸಿದ್ದೆ. ನೋಡಿದ್ರೆ ಆ ನುಸಿಗಳಿಗೆ ನನ್ನನ್ನೇ ಬಡಿಸಿದ್ದಾ?" ಅಂದಳು. ನಕ್ಕಳು. ಅವಳು ನಕ್ಕದ್ದಕ್ಕೆ ನಾನು ಅತ್ತುಬಿಟ್ಟೆ.

ಮಗು ದೀಪಾವಳಿ ಕಳೆದು ಹುಟ್ಟಿತು. ಮೂರು ಕಿಲೋ. ಊರಿಗೆ ಕೇಳುವ ಸ್ವರ. ಸ್ಮೃತಿ ಅಂತ ಹೆಸರಿಟ್ಟೆವು. ನಾಮಕರಣಕ್ಕೆ ಉರ್ಸುಲಾಬಾಯಿಯನ್ನು ನಾನೇ ಹೋಗಿ ಕರೆದೆ. ಬಂದವರು ಮಗುವನ್ನು ನೋಡುವ ಮೊದಲು ತೊಟ್ಟಿಲಿನ ಪರದೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇಲ್ಲೊಂದು ತೂತು ಉಂಟು."

ನೀರಜಾಕ್ಷಿ ಮಂತ್ರದ ಮಧ್ಯದಲ್ಲೇ ಸೂಜಿ ತಂದು ಹೊಲಿದಳು. ನಾನು ಮಂತ್ರ ನಿಲ್ಲಿಸಿ ಕಾದೆ. ಹೊಲಿದಾದ ಮೇಲೆ ಮಗುವನ್ನು ಎತ್ತಿ ಅವರ ಮಡಿಲಿಗೆ ಕೊಟ್ಟದ್ದು ನಾನೇ, ಮಡಿಯಲ್ಲಿದ್ದುಕೊಂಡೇ. ನೀನು ಕಂಡ ಫೋಟೋ ಅದು. ಇನ್ನೂ ಎಂತದಾದರೂ ಕೇಳಲಿಕ್ಕುಂಟಾ?

ಸುರತ್ಕಲ್‌ನಲ್ಲಿ ನಿನ್ನ ಹೋಟೆಲಿನ ಮಾಡಿನ ಮೇಲೆ ಬಿದಿರಿನ ಚಪ್ಪರ ಉಂಟಲ್ಲ, ಅದರ ತುದಿಗೆ ಟಾರ್ಚು ಹಾಕಿ ನೋಡು. ನಿನ್ನ ಹೆಂಡತಿ ಆಶಾಲತಾಳನ್ನು ಹತ್ತಿಸಬೇಡ, ನೀನೇ ಹತ್ತು. ಹೊಟ್ಟೆ ಸ್ವಲ್ಪ ಕರಗಲಿ.

ಇಗಾ, ಗೇಟಿನ ಸದ್ದು ಕೇಳಿತಾ? ಇವತ್ತು ಶುಕ್ರವಾರ, ಉರ್ಸುಲಾಬಾಯಿ ಬರುವ ದಿನ, ಅವರೇ. ಬೀಗ ಈಗಲೂ ಉಂಟು, ಮಂಗಗಳ ಕಾಟಕ್ಕೆ. ಕೀ ಮಾತ್ರ ನನ್ನ ಸೊಂಟದಲ್ಲಿ ಇಲ್ಲ. ಜಗಲಿಯ ಮೊಳೆಯಲ್ಲಿ, ಉರ್ಸುಲಾಬಾಯಿಯ ಕೈಗೆ ಸಿಗುವ ಎತ್ತರದಲ್ಲಿ ನೇತಾಡ್ತಾ ಉಂಟು.