ದೀಪ ನೋಡಿ ಹೋದವರು

ನೀಮಾ ಚಪ್ಪಲಿಯನ್ನು ಗೇಟಿನಾಚೆಯೇ ಕಳಚಿಟ್ಟು, ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಗಾಜಿನ ಪೆಟ್ಟಿಗೆಯ ಕಾಲಿನ ಕಡೆಗೆ ಹೋಗಿ ನಿಂತಳು. ತಂದಿದ್ದ ಸೇವಂತಿಗೆ ಹಾರವನ್ನು ಪೆಟ್ಟಿಗೆಯ ಮೇಲಿಟ್ಟು ಕೈ ಮುಗಿದಳು. ಆಮೇಲೆ ಯಾರನ್ನೂ ಕೇಳದೆ ಬಂದು ಹೆಂಗಸರ ಚಾಪೆಯ ತುದಿಯಲ್ಲಿ ಕಾಲು ಮಡಿಸಿ ಕೂತಳು. ಅವಳ ಜೊತೆ ಬಂದ ಮೂವರು ಹುಡುಗರು ಗಂಡಸರ ಕಡೆ ಹೋಗಿ ಕೈ ಕಟ್ಟಿಕೊಂಡು ನಿಂತರು. ಊರಿನ ಹುಡುಗರೇ ಶಾಮಿಯಾನದ ಕಂಬಕ್ಕೆ ಒರಗಿ ಮೊಬೈಲು ನೋಡುತ್ತಿದ್ದ ಹೊತ್ತಿನಲ್ಲಿ, ಎಲ್ಲಿಂದಲೋ ಬಂದ ಈ ಮಕ್ಕಳಿಗೆ ಸಾವಿನ ಮನೆಯ ರೀತಿ ಇಷ್ಟು ಚೆನ್ನಾಗಿ ಗೊತ್ತಿರುವುದನ್ನು ಕಂಡು ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಯಾರಮ್ಮಾ ಇವ್ರೆಲ್ಲಾ?” ಎಂದು ಪಕ್ಕದ ಮನೆಯ ಪಾಪಮ್ಮ ಕಿವಿಯ ಹತ್ತಿರ ಬಾಗಿ ಕೇಳಿದಳು.

“ಇವರತ್ರ ಓದೋ ಮಕ್ಳು,” ಎಂದಳು ಅನುಸೂಯಮ್ಮ.

ಇವರು ಎಂದರೆ ಪೆಟ್ಟಿಗೆಯೊಳಗೆ ಮಲಗಿದ್ದ ಅವಳ ಗಂಡ, ಮುನೀಂದ್ರ ಮೇಷ್ಟರು. ನಿನ್ನೆ ಸಂಜೆ ಕಾಫಿ ಲೋಟ ಕೈಯಲ್ಲಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದವರು ಹೊಸಕೋಟೆಯ ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದುಹೋಗಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅನುಸೂಯಮ್ಮನಿಗೆ ಹೊತ್ತು ಗೊತ್ತು ಒಂದೂ ತಿಳಿದಿರಲಿಲ್ಲ. ಈಗ ನೀಮಾಳ ಮಡಿಲಲ್ಲಿದ್ದ ಪಾರದರ್ಶಕ ಚೀಲ ಕಣ್ಣಿಗೆ ಬಿತ್ತು. ಒಳಗೆ ಎರಡು ನೀಲಿ ಪೆನ್ನು, ಒಂದು ಕ್ಯಾಲ್ಕ್ಯುಲೇಟರು, ಕುತ್ತಿಗೆಗೆ ಹಾಕಿಕೊಳ್ಳುವ ಗುರುತಿನ ಕಾರ್ಡು. ಆಗ ಅವಳಿಗೆ ಇವತ್ತು ಬುಧವಾರ ಎನ್ನುವುದು ನೆನಪಾಯಿತು. ಮಧ್ಯಾಹ್ನ ಎರಡು ಗಂಟೆಗೆ ಈ ಮಕ್ಕಳ ಪರೀಕ್ಷೆ.

ಆ ಪರೀಕ್ಷೆಯ ವಿಷಯ ಅವಳಿಗೆ ಗೊತ್ತಿದ್ದಷ್ಟು ಆ ಶಾಮಿಯಾನದಡಿ ಇನ್ಯಾರಿಗೂ ಗೊತ್ತಿರಲಿಲ್ಲ. ಪಾಸಾದರೆ ಬಿಬಿಎಗೆ ಸೀಟು. ಇಲ್ಲದಿದ್ದರೆ ಇಲ್ಲಿರಲು ಕೊಟ್ಟ ವೀಸಾ ಮುಗಿದು ವಾಪಸ್ಸು ವಿಮಾನ ಹತ್ತಬೇಕು. ನೀಮಾ ಆಗಲೇ ಒಮ್ಮೆ ಫೇಲಾಗಿದ್ದಳು. ಎರಡನೇ ಸಲ ಮೇಷ್ಟರೇ ಯಾರ ಯಾರ ಹತ್ತಿರವೋ ಮಾತಾಡಿ ಬರೆಯಲು ಅವಕಾಶ ಕೊಡಿಸಿದ್ದರು. ಮೂರನೆಯದು ಇಲ್ಲ.

“ನಮ್ ನೀಮಾ ಪಾಸಾಗ್ಲಿ, ಶಿವಗಂಗೆ ಬೆಟ್ಟ ಹತ್ತಿ ಬರ್ತೀನಿ,” ಎಂದು ಮೊನ್ನೆ ಹರಕೆ ಹೊತ್ತಿದ್ದರು. ಮಹಡಿ ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವ ಮನುಷ್ಯ. ಅನುಸೂಯಮ್ಮ ನಕ್ಕಿದ್ದಳು.

ಮನೆಯವರು ಬೆಳಿಗ್ಗೆ ಎಲ್ಲರಿಗೂ ಹತ್ತು ಗಂಟೆಗೆ ಎತ್ತುತ್ತೇವೆ ಎಂದು ಹೇಳಿದ್ದರು. ಮಕ್ಕಳು ಅದನ್ನೇ ನಂಬಿ ಲೆಕ್ಕ ಹಾಕಿಕೊಂಡು ಬಂದಿದ್ದವು.

*

ಹೊಸಕೋಟೆಯ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿ ನಿವೃತ್ತರಾದ ಮೇಲೆ ಮೇಷ್ಟರು ಮನೆಯಲ್ಲಿ ಒಂದು ತಿಂಗಳೂ ಕೂರಲಿಲ್ಲ. ದೇವನಹಳ್ಳಿ ರಸ್ತೆಯಲ್ಲಿ ಹೊಸದಾಗಿ ಎದ್ದಿದ್ದ ಖಾಸಗಿ ವಿಶ್ವವಿದ್ಯಾಲಯದವರು ಹೊರದೇಶದ ಮಕ್ಕಳನ್ನು ಬಿಬಿಎಗೆ ಕರೆತರುತ್ತಿದ್ದರು. ಕೆಲವರಿಗೆ ಲೆಕ್ಕಶಾಸ್ತ್ರದ ಗಂಧಗಾಳಿ ಇಲ್ಲ, ಕೆಲವರಿಗೆ ಇಂಗ್ಲಿಷೇ ತೊಡಕು. ಅಂಥವರನ್ನು ಒಂದು ವರ್ಷ ಕೂರಿಸಿಕೊಂಡು ಡಿಗ್ರಿಗೆ ತಯಾರು ಮಾಡುವ ಕೆಲಸ ಇವರಿಗೆ ಬಂತು.

ಮೇಷ್ಟರು ಲಾಭನಷ್ಟವನ್ನು ಊರಿನ ಹಾಲಿನ ಡೈರಿಯಿಂದ ಶುರು ಮಾಡಿದರು. ಸವಕಳಿ ಎಂದರೇನು ಎಂದು ತೋರಿಸಲು ತಮ್ಮ ಚಲಪತಿಯ ಹಳೇ ಟ್ರ್ಯಾಕ್ಟರಿನ ಮುಂದೆ ಮಕ್ಕಳನ್ನು ನಿಲ್ಲಿಸಿದರು. ಚಲಪತಿ ಅದಕ್ಕೆ ಒಂದು ವಾರ ಮುನಿಸಿಕೊಂಡಿದ್ದ. ಇದರ ಜೊತೆಗೆ ಯಾವ ಪಠ್ಯದಲ್ಲೂ ಇಲ್ಲದ ಒಂದು ಪಾಠವನ್ನು ತಾವೇ ಸೇರಿಸಿದರು. ಈ ಕಡೆಯ ಜನರ ಜೊತೆ ಕನ್ನಡದಲ್ಲೇ ವ್ಯವಹಾರ ಮಾಡುವುದು ಹೇಗೆ ಎನ್ನುವ ಪಾಠ. ಅದು ಭಾನುವಾರ, ಮನೆಯಲ್ಲೇ, ಊಟದ ಸಮೇತ ನಡೆಯುತ್ತಿತ್ತು.

ಒಂದು ಭಾನುವಾರ ಎಲ್ಲರದೂ ಊಟವಾದ ಮೇಲೆ ಅನುಸೂಯಮ್ಮ ಕೂತಳು. ಮೇಷ್ಟರು ನೀಮಾಳ ಕೈಗೆ ಅನ್ನದ ಪಾತ್ರೆ ಕೊಟ್ಟು, “ಅಮ್ಮನಿಗೆ ಬೇಕಾ ಕೇಳು,” ಎಂದರು.

“ಅನ್ನ ಬೇಕಾ ಅಮ್ಮ?”

“ಬೇಡ ಕಣವ್ವ.”

ನೀಮಾ ಪಾತ್ರೆ ತೆಗೆದುಕೊಂಡು ಹೋಗಿ ಒಳಗಿಟ್ಟಳು. ಮೇಷ್ಟರು ಹಣೆ ಚಚ್ಚಿಕೊಂಡರು. “ಹೋಯ್ತು ನಿನ್ನ ವ್ಯಾಪಾರ. ಅಮ್ಮನ್ನ ಉಪವಾಸ ಕೆಡವಿಬಿಟ್ಟೆ. ನೋಡ್ರಪ್ಪಾ, ನಮ್ಮೋರು ಬೇಡ ಅಂದ್ರೆ ಬೇಡ ಅಂತಲ್ಲ. ಹೋಗಿ ಅಂದ್ರೆ ಹೋಗಿ ಅಂತಲ್ಲ. ಸಂಕೋಚಕ್ಕೆ ಅಂತಾರೆ. ನಿಜವಾಗ್ಲೂ ಅಂತ ಆಣೆ ಮಾಡಿದ್ರೂ ನಂಬಬೇಡಿ. ಗಟ್ಟಿಯಾಗಿ ನಿಂತ್ಕೋಬೇಕು. ನಿಂತವರು ನಮ್ಮೋರಾಗ್ತಾರೆ, ಹೋದವರು ಹೋದ್ರು.”

ಅನುಸೂಯಮ್ಮನಿಗೆ ಅವತ್ತು ನಿಜವಾಗಿಯೂ ಅನ್ನ ಬೇಕಿರಲಿಲ್ಲ. ಆದರೂ ಪಾಠ ಕೆಡಬಾರದೆಂದು ನೀಮಾ ಬಡಿಸಿದ ಎರಡು ಸೌಟನ್ನೂ ಉಂಡಳು.

ಇನ್ನೊಂದು ಸಲ ವಿಶ್ವವಿದ್ಯಾಲಯದ ವಾಚ್‌ಮನ್ ತೀರಿಕೊಂಡಾಗ ಮಕ್ಕಳೆಲ್ಲ ಹೋಗಿ ಹೂವಿಟ್ಟು ಹತ್ತು ನಿಮಿಷಕ್ಕೆ ವಾಪಸ್ಸಾಗಿದ್ದವು. ಮೇಷ್ಟರಿಗೆ ಅದು ಬಹಳ ನೋವಾಯಿತು. ಮುಂದಿನ ಭಾನುವಾರ ಅದೇ ಪಾಠ. ಮುಖ ನೋಡಿದ ಮೇಲೆ ಮಣ್ಣಾಗುವ ತನಕ ಕದಲಬಾರದು. ಒಂದು ಹಿಡಿ ಮಣ್ಣು ಹಾಕಬೇಕು. ವಾಪಸ್ಸು ಬಂದು ಕಾಲು ತೊಳೆದು, ಹೆಣ ಇಟ್ಟಿದ್ದ ಜಾಗದಲ್ಲಿ ಹಚ್ಚಿರುವ ದೀಪ ನೋಡಬೇಕು. ಹೊರಡುವಾಗ ಹೋಗಿಬರ್ತೀನಿ ಎಂದು ಯಾರಿಗೂ ಹೇಳಬಾರದು, ತಿರುಗಿ ನೋಡಬಾರದು.

“ಯಾಕೆ ಸರ್?” ಎಂದು ದಕ್ಷಿಣ ಸುಡಾನಿನ ದೆಂಗ್ ಕೇಳಿದ್ದ.

“ಸಾವಿನ ಮನೆಗೆ ಮತ್ತೆ ಬರ್ತೀನಿ ಅಂತ ಯಾರಾದ್ರೂ ಅಂತಾರೇನಪ್ಪಾ?” ಎಂದಿದ್ದರು ಮೇಷ್ಟರು.

*

ಹತ್ತು ಹೊಡೆಯಿತು. ತಮಟೆಯವರು ಬೆಂಕಿ ಮಾಡಿಕೊಂಡು ತಮಟೆ ಕಾಯಿಸುತ್ತಾ ಕೂತಿದ್ದರೇ ಹೊರತು ಏಳುವ ಲಕ್ಷಣವಿರಲಿಲ್ಲ. ನೆಲಮಂಗಲದ ಕಡೆಯಿಂದ ಮೇಷ್ಟರ ಅಕ್ಕ ಅಕ್ಕಯಮ್ಮ ಬರಬೇಕಿತ್ತು. ತಾಯಿ ಹೋದ ಮೇಲೆ ಮೇಷ್ಟರನ್ನು ಎತ್ತಿ ಆಡಿಸಿ ಬೆಳೆಸಿದವಳು. ಕರೆತರಲು ಅನುಸೂಯಮ್ಮನ ಮಗ ಮನೋಹರನೇ ಕಾರು ತೆಗೆದುಕೊಂಡು ಹೋಗಿದ್ದ. ದಾಬಸ್‌ಪೇಟೆಯಿಂದ ಈಚೆ ಲಾರಿಗಳು ಸಾಲುಗಟ್ಟಿ ನಿಂತಿವೆ ಎಂದು ಫೋನು ಬಂದಿತ್ತು.

ಮೈದುನ ಚಲಪತಿ ನೀರು ಕೊಡಲು ಹತ್ತಿರ ಬಂದಾಗ ಅನುಸೂಯಮ್ಮ ಮೆಲ್ಲಗೆ ಕೇಳಿದಳು. “ಲೇಟಾಗೋದಾದ್ರೆ ಎತ್ತಿಬಿಡಕಾಗಲ್ವೇನಪ್ಪಾ?”

ಚಲಪತಿ ಲೋಟ ಹಿಡಿದುಕೊಂಡೇ ನಿಂತುಬಿಟ್ಟ. “ಏನತ್ತಿಗೆ ಹಿಂಗಂತೀರಾ? ಅಕ್ಕ ಮುಖ ನೋಡ್ದೆ ಎತ್ತೋದಾ? ನಾಳೆ ನಾನು ಯಾವ ಮುಖ ಇಟ್ಕೊಂಡು ಅವಳ ಮನೆಗೆ ಹೋಗ್ಲಿ?”

“ಈ ಮಕ್ಳಿಗೆ ಪರೀಕ್ಷೆ ಐತೆ.”

“ಹೋಗ್ಲಿ ಬಿಡಿ. ಅವ್ರನ್ನ ಯಾರ್ ಹಿಡ್ಕೊಂಡಿದ್ದಾರೆ?”

ಹಿಡಿದುಕೊಂಡಿದ್ದವರು ಪೆಟ್ಟಿಗೆಯೊಳಗೆ ಕಣ್ಣು ಮುಚ್ಚಿ ಮಲಗಿದ್ದರು.

ನೀಮಾಳ ಜೊತೆ ಬಂದಿದ್ದ ದೆಂಗ್ ಗೇಟಿನಾಚೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಪರೀಕ್ಷೆ ಮುಂದೂಡಲು ಕೇಳುತ್ತಿದ್ದಾನೆ ಎಂದು ಅವನ ತಲೆ ಬಾಗಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ವಾಪಸ್ಸು ಬಂದು ನೀಮಾಳ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದ. ನೀಮಾ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು, ಏಳಲಿಲ್ಲ.

ಹನ್ನೆರಡು ದಾಟುತ್ತಿದ್ದಂತೆ ಕಾರು ಬಂತು. ಅಕ್ಕಯಮ್ಮನನ್ನು ಇಬ್ಬರು ಹಿಡಿದು ಇಳಿಸಿದರು. ಮುದುಕಿ ಗಾಜಿನ ಮೇಲೆ ಕೆನ್ನೆಯಿಟ್ಟು, “ನನ್ನ ಬಿಟ್ಟು ಮುಂದಕ್ಕೋದೇನೋ ಮುನಿಯಾ,” ಎಂದು ಅತ್ತಳು. ಅನುಸೂಯಮ್ಮನೂ ಅತ್ತಳು. ಅಳುತ್ತಲೇ ಒಳಗಿನ ಗೋಡೆ ಗಡಿಯಾರದ ಕಡೆ ಕಣ್ಣು ಹೋಯಿತು. ಈಗಲೂ ಎತ್ತಿದರೆ ಮಕ್ಕಳಿಗೆ ಪರೀಕ್ಷೆ ಸಿಕ್ಕೀತು. ಗಂಡ ಸತ್ತು ಮಲಗಿರುವಾಗ ಗಡಿಯಾರ ನೋಡುತ್ತಿದ್ದೇನಲ್ಲಾ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಗ ಊರಿನ ಹಿರಿಯ ಅಪ್ಪಯ್ಯಣ್ಣ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಎದ್ದು ನಿಂತ. “ಬುಧವಾರ. ಹನ್ನೆರಡಕ್ಕೆ ರಾಹುಕಾಲ ಬಂದ್ಬಿಡ್ತು. ಒಂದೂವರೆ ಆಗ್ಲಿ.”

“ರಾಹುಕಾಲ ಇದ್ರೂ ಪರವಾಗಿಲ್ಲ ಅಪ್ಪಯ್ಯಣ್ಣ, ಎತ್ತಿಬಿಡಿ,” ಎಂದುಬಿಟ್ಟಳು ಅನುಸೂಯಮ್ಮ.

ಚಾಪೆಯ ಮೇಲೆ ಅಳು ನಿಂತಿತು. ಅಕ್ಕಯಮ್ಮ ತಲೆಯೆತ್ತಿ ನಾದಿನಿಯನ್ನು ನೋಡಿದಳು. “ನನ್ ತಮ್ಮನ್ನ ಕಳ್ಸಕ್ಕೆ ಅಷ್ಟು ಅವಸ್ರನೇನಮ್ಮಾ ನಿಂಗೆ?” ಹಿಂದಿನ ಸಾಲಿನಲ್ಲಿ ಯಾರೋ ಯಾರಿಗೋ ಏನೋ ಪಿಸುಗುಟ್ಟಿದರು. ಮನೋಹರ ತಲೆಗೆ ನೀರು ಹೊಯ್ದುಕೊಂಡು ಒದ್ದೆ ಪಂಚೆಯಲ್ಲಿ ನಿಂತಿದ್ದವನು ಅವಳನ್ನು ನೋಡಿ ತಲೆ ತಗ್ಗಿಸಿದ. ಅನುಸೂಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದ ಕಾರೊಂದು ಬಂದು, ಡ್ರೈವರು ದೊಡ್ಡ ಹೂವಿನ ಚಕ್ರವನ್ನು ಇಳಿಸಿದ. ಸಾಹೇಬರುಗಳೆಲ್ಲ ಪರೀಕ್ಷೆಯಲ್ಲಿದ್ದಾರೆ, ಬರಲಾಗಲಿಲ್ಲ ಎಂದು ಚಲಪತಿಗೆ ಹೇಳಿದ. ಮಕ್ಕಳನ್ನು ಕಂಡು, “ಬನ್ರಪ್ಪಾ, ಈಗ್ಲೇ ಹೊರಟ್ರೆ ಟೈಮಿಗೆ ಬಿಟ್ಬಿಡ್ತೀನಿ,” ಎಂದ. ಮಕ್ಕಳು ಕದಲಲಿಲ್ಲ.

ಅನುಸೂಯಮ್ಮ ಚಾಪೆಯ ಮೇಲೆಯೇ ಜರುಗಿಕೊಂಡು ಹೋಗಿ ನೀಮಾಳ ಕೈ ಹಿಡಿದಳು. “ಕಾರು ಬಂದೈತೆ, ಹೋಗವ್ವ.”

“ಇಲ್ಲ ಅಮ್ಮ. ಮಣ್ಣು ಹಾಕಿ ಹೋಗ್ತೀವಿ.”

“ಮಣ್ಣು ಹಾಕೋರು ಬೇಕಾದಷ್ಟು ಜನ ಇದ್ದಾರೆ. ನೀನು ಪರೀಕ್ಷೆ ಬರಿ.”

“ಬೇಡ ಅಮ್ಮ.”

“ನಿಜವಾಗ್ಲೂ ಹೇಳ್ತಿದೀನಿ ಕಣೇ. ಸಂಕೋಚಕ್ಕಲ್ಲ. ನನ್ನಾಣೆಗೂ ಹೋಗು.”

ನೀಮಾ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಪಾಠ ಒಪ್ಪಿಸುವ ಮಗುವಿನ ಸಣ್ಣ ನಗು. “ಸರ್ ಅದನ್ನೂ ಹೇಳಿದ್ರು ಅಮ್ಮ. ನಿಜವಾಗ್ಲೂ ಅಂತಾರೆ, ಆಣೆ ಮಾಡ್ತಾರೆ. ಆದ್ರೂ ನಿಂತ್ಕೋಬೇಕು ಅಂತ.”

ಡ್ರೈವರು ಸ್ವಲ್ಪ ಹೊತ್ತು ಕಾದು, ಕಾರು ತಿರುಗಿಸಿಕೊಂಡು ಹೋದ.

ಅನುಸೂಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಕೈ ಬಡಿದಳು. “ಏನ್ ಪಾಠ ಹೇಳ್ಕೊಟ್ರಿ ನೀವು? ಎದ್ದೇಳ್ರೀ. ಒಂದೇ ಒಂದ್ಸಲ ಎದ್ದು ಹೇಳಿ ಈ ಮಕ್ಳಿಗೆ. ನನ್ ಮಾತು ಕೇಳಲ್ಲ ಇವು. ನೀವಾದ್ರೂ ಹೋಗಿ ಅನ್ರೀ.” ಬೈಯುತ್ತಿದ್ದಳು. ನಲವತ್ತು ವರ್ಷದ ಸಂಸಾರದಲ್ಲಿ ಗಂಡನನ್ನು ಅಷ್ಟು ಸಿಟ್ಟಿನಿಂದ ಬೈದದ್ದು ಅದೇ ಮೊದಲು. ಆದರೆ ಸಾವಿನ ಮನೆಯಲ್ಲಿ ಹೆಂಡತಿ ಏನಂದರೂ ಅದು ಅಳುವೇ. ಅಕ್ಕಯಮ್ಮ ಎದ್ದುಬಂದು ನಾದಿನಿಯನ್ನು ತಬ್ಬಿಕೊಂಡಳು, ಹೆಂಗಸರೆಲ್ಲ ದನಿಗೂಡಿಸಿದರು, ತಮಟೆಯವರೂ ಇದೇ ಹೊತ್ತೆಂದು ಬಾರಿಸಲು ಶುರು ಮಾಡಿದರು. ಅವಳ ಮಾತು ಅದರಲ್ಲಿ ಮುಳುಗಿಹೋಯಿತು.

*

ಒಂದೂವರೆಗೆ ಎತ್ತಿದರು. ಚಟ್ಟ ಗೇಟು ದಾಟುವಾಗ ಹಿಂದಿನ ಒಂದು ಬೊಂಬಿಗೆ ದೆಂಗ್ ಹೆಗಲು ಕೊಟ್ಟಿದ್ದ. ಅವನು ಎಲ್ಲರಿಗಿಂತ ಒಂದು ಗೇಣು ಎತ್ತರ. ಚಟ್ಟ ವಾಲಬಾರದೆಂದು ಮಂಡಿ ಬಗ್ಗಿಸಿಕೊಂಡೇ ಮಣ್ಣು ಮಾಡುವ ಹೊಲದವರೆಗೆ ನಡೆದನಂತೆ. ಹೆಂಗಸರು ಬೀದಿಯ ತಿರುವಿಗೇ ನಿಂತರು. ನೀಮಾ ಮಾತ್ರ ಮುಂದಕ್ಕೆ ಹೋದಳು. ಅವಳಿಗೆ ಯಾವ ಕಟ್ಟಳೆ ಅನ್ವಯಿಸುತ್ತದೆಂದು ಅಪ್ಪಯ್ಯಣ್ಣನಿಗೂ ಗೊತ್ತಿರಲಿಲ್ಲ, ಆದ್ದರಿಂದ ಯಾರೂ ತಡೆಯಲಿಲ್ಲ.

ಪಾಪಮ್ಮ ಅಂಗಳ ತೊಳೆದಳು. ಪೆಟ್ಟಿಗೆ ಇದ್ದ ಜಾಗದಲ್ಲಿ ಒಂದು ಹಣತೆ ಹಚ್ಚಿಟ್ಟಳು. ಗಾಳಿಗೆ ಆರದಿರಲೆಂದು ಮೂರು ಕಡೆ ಇಟ್ಟಿಗೆ ನಿಲ್ಲಿಸಿದಳು. ಅನುಸೂಯಮ್ಮನನ್ನು ಹಜಾರದ ಬಾಗಿಲ ಪಕ್ಕ ಕೂರಿಸಿದರು. ಅಲ್ಲಿಂದ ದೀಪವೂ ಕಾಣುತ್ತಿತ್ತು, ಗಡಿಯಾರವೂ ಕಾಣುತ್ತಿತ್ತು. ಅದು ಎರಡು ಹೊಡೆದದ್ದನ್ನು ಅವಳು ಕೇಳಿಸಿಕೊಂಡಳು.

ಮಣ್ಣು ಮುಗಿಸಿ ಜನ ವಾಪಸ್ಸು ಬಂದಾಗ ಬಿಸಿಲು ಪಕ್ಕದ ಗೋಡೆಗೆ ಸರಿದಿತ್ತು. ನಲ್ಲಿಯ ಹತ್ತಿರ ಸಾಲು ನಿಂತಿತು. ನೀಮಾಳ ಬಲಗೈಯಲ್ಲಿ ಕೆಮ್ಮಣ್ಣು ಮೆತ್ತಿತ್ತು. ಚೀಲ ನೆನೆಯಬಾರದೆಂದು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಗ್ಗಿ ಕೈಕಾಲು ತೊಳೆದಳು. ಇನ್ನು ಆ ಪೆನ್ನುಗಳು ನೆನೆದರೇನು, ಬಿಟ್ಟರೇನು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಜನ ಬಂದರು, ದೀಪ ನೋಡಿದರು, ಹೋದರು. ಊರಿನ ಹುಡುಗನೊಬ್ಬ ಅಭ್ಯಾಸಬಲದಿಂದ “ಬರ್ತೀನಣ್ಣ” ಎಂದು ಚಲಪತಿಗೆ ಹೇಳಿ, ಅಪ್ಪಯ್ಯಣ್ಣನಿಂದ ಬೈಸಿಕೊಂಡ. ಆಮೇಲೆ ನಾಲ್ಕು ಮಕ್ಕಳೂ ಬಂದವು. ದೀಪದ ಮುಂದೆ ಒಬ್ಬರಾದ ಮೇಲೆ ಒಬ್ಬರು ನಿಂತು ಬಗ್ಗಿ ಕೈ ಮುಗಿದವು. ಅನುಸೂಯಮ್ಮನ ಕಡೆ ನೋಡಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ಬಾಯಿ ಬಿಗಿಹಿಡಿದುಕೊಂಡು ಚಪ್ಪಲಿ ಮೆಟ್ಟಿ ಗೇಟು ದಾಟಿದವು. ಒಂದೂ ತಪ್ಪು ಮಾಡಲಿಲ್ಲ.

ಅನುಸೂಯಮ್ಮ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು.

“ಹೋಗಿ ಬನ್ರವ್ವಾ,” ಎಂದು ಕೂಗಿದಳು. ದನಿ ಒಡೆಯಿತು. ಇನ್ನೊಮ್ಮೆ ಕೂಗಿದಳು. “ನೀಮಾ, ಹೋಗಿ ಬಾರವ್ವಾ.”

“ಅಯ್ಯೋ, ಅನ್ನಬಾರ್ದಮ್ಮಾ,” ಎಂದು ಪಾಪಮ್ಮ ಓಡಿಬಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

ಬಸ್ಸು ನಿಲ್ಲುವ ಕಡೆಗೆ ಹೋಗುವ ದಾರಿಯಲ್ಲಿ ನೀಮಾಳ ಹೆಜ್ಜೆ ಒಮ್ಮೆ ತಡೆಯಿತು. ಕೇಳಿಸಿತ್ತು. ಹೆಗಲು ಒಂದಿಷ್ಟು ಈ ಕಡೆಗೆ ವಾಲಿತು, ಆಮೇಲೆ ನೆಟ್ಟಗಾಯಿತು. ಬೆನ್ನ ಹಿಂದೆ ಹಿಡಿದಿದ್ದ ಚೀಲದಲ್ಲಿ ಎರಡು ನೀಲಿ ಪೆನ್ನುಗಳು ಬಿಸಿಲಿಗೆ ಕಾಣುತ್ತಿದ್ದವು. ಅವಳು ತಿರುಗಿ ನೋಡದೆ ನಡೆದಳು.