ಧನುಷ್ಕೋಡಿಗೆ ಹೋದವರು

ಪುತ್ತೂರಿನ ಮಹಾಲಿಂಗ ಭಟ್ಟರು ಮಂಗಳೂರಿನ ಒಂದು ದಿನಪತ್ರಿಕೆಗೆ ಬಹಳ ಕಾಲ ಸುದ್ದಿ ಬರೆದವರು. ಸುಳ್ಯ, ಕಡಬಗಳಲ್ಲಿ ಏನೇ ನಡೆದರೂ ಸೈಕಲ್ ತುಳಿದು ಹೋಗಿ, ತಾವೇ ನೋಡಿ ಬರೆಯುವುದು ಅವರ ಕ್ರಮ. ಕಡಬದ ಹತ್ತಿರ ಮರದ ಲಾರಿ ಉರುಳಿ ಕೂಲಿಯವರು ಸತ್ತಾಗ ಲಾರಿಯ ಧಣಿಯ ಹೆಸರನ್ನೂ ಬರೆದರು. ಆತ ಪತ್ರಿಕೆಯ ಒಡೆಯರಿಗೆ ನೆಂಟ. ಮರುವಾರದಿಂದ ಭಟ್ಟರ ಸುದ್ದಿ ಅಚ್ಚಾಗಲಿಲ್ಲ.

ಊರೂರು ತಿರುಗಿ ಅಭ್ಯಾಸವಾದ ಮನುಷ್ಯ. ಬಾಡಿಗೆಗೆ ಬಸ್ಸು ಹಿಡಿದು ಜನರನ್ನು ತೀರ್ಥಯಾತ್ರೆಗೆ ಕರೆದೊಯ್ಯತೊಡಗಿದರು. ಪೇಪರಿನ ಭಟ್ಟರು ಎಂದರೆ ಎಲ್ಲರಿಗೂ ನಂಬಿಕೆ. ಹೆಂಡತಿ ಶಂಕರಿ ದಾರಿಗೆ ಬೇಕಾದ ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಡುತ್ತಿದ್ದಳು.

೧೯೬೪ರ ಡಿಸೆಂಬರಿನಲ್ಲಿ ರಾಮೇಶ್ವರದ ಯಾತ್ರೆ. ಬೆಳ್ಳಾರೆಯ ತೀರ್ಥರಾಮ ತನ್ನ ತಾಯಿ ದೇವಮ್ಮನನ್ನು ಬಸ್ಸಿನವರೆಗೆ ಕೈಹಿಡಿದು ತಂದು ಹತ್ತಿಸಿದ. "ಅಮ್ಮ ಘಟ್ಟ ಹತ್ತಿದವರೇ ಅಲ್ಲ ಭಟ್ರೆ. ಸ್ವಲ್ಪ ನೋಡಿಕೊಳ್ಳಿ," ಎಂದ.

"ನನ್ನ ಅಮ್ಮನ ಹಾಗೆ ನೋಡ್ತೇನೆ ಮಾರಾಯ."

ಕಡಲ ದಡದ ಮಂಡಪಂ ಊರಿನಲ್ಲಿ ಬಸ್ಸು ನಿಲ್ಲಿಸಿ, ರೈಲಿನಲ್ಲಿ ಸಮುದ್ರ ದಾಟಿ ರಾಮೇಶ್ವರ ಸೇರಿದರು. ಮರುದಿನ ಧನುಷ್ಕೋಡಿಗೆ ಹೋಗಿ, ರಾತ್ರಿ ಛತ್ರದಲ್ಲಿದ್ದು, ಬೆಳಗ್ಗೆ ಸ್ನಾನ ಮಾಡಿ ಬರುವುದೆಂದಿತ್ತು. ಅಷ್ಟರಲ್ಲಿ ಒಬ್ಬ ಮುದುಕನಿಗೆ ಜ್ವರ ಬಂತು. ಭಟ್ಟರು ಅವನ ಜೊತೆ ಉಳಿದರು. ಹೊರಟವರಲ್ಲಿ ದೇವಮ್ಮನಿಗೆ ಮಾತ್ರ ಮನಸ್ಸಿರಲಿಲ್ಲ.

"ಗಾಳಿ ಜೋರು ಉಂಟು. ನಾನು ಇಲ್ಲೇ ಇರ್ತೇನೆ."

"ಇಷ್ಟು ದೂರ ಬಂದು ಧನುಷ್ಕೋಡಿ ಸ್ನಾನ ಬಿಡುದಾ ದೇವಮ್ಮ? ಇನ್ನೊಮ್ಮೆ ಬರ್ಲಿಕ್ಕೆ ಉಂಟಾ? ಹೋಗಿ ಬನ್ನಿ," ಎಂದರು ಭಟ್ಟರು.

ಆಕೆ ಸೆರಗು ಬಿಗಿದುಕೊಂಡು ಉಳಿದವರ ಹಿಂದೆ ನಡೆದಳು.

ಆ ರಾತ್ರಿ ಸಮುದ್ರ ಎದ್ದು ಬಂತು. ಬೆಳಕಾದ ಮೇಲೆ ಭಟ್ಟರು ಧನುಷ್ಕೋಡಿಯ ದಿಕ್ಕಿಗೆ ಮರಳಿನಲ್ಲಿ ನಡೆದರು. ಪೊಲೀಸರು ತಡೆದರು. ತಡೆಯದಿದ್ದರೂ ಮುಂದೆ ಹೋಗಲು ನೆಲವಿರಲಿಲ್ಲ. ಊರಿದ್ದ ಕಡೆ ಕೆಸರುಬಣ್ಣದ ನೀರು. ರೈಲಿನ ಸೇತುವೆ ಮುರಿದಿದ್ದರಿಂದ, ಸರಕಾರದ ದೋಣಿ ಬರುವವರೆಗೆ ಅವರು ಪ್ರತಿದಿನ ಅಲ್ಲಿಗೆ ಹೋಗಿ ಅದನ್ನೇ ನೋಡಿ ಬಂದರು.

ಬಸ್ಸು ಸಂಪಾಜೆ ಘಟ್ಟ ಇಳಿದು ಸುಳ್ಯಕ್ಕೆ ಬಂದಾಗ, ಹೋದವರ ಮನೆಯವರ ನಡುವೆ ತೀರ್ಥರಾಮ ನಿಂತಿದ್ದ. ಇಳಿದವರು ಭಟ್ಟರು, ಜ್ವರದ ಮುದುಕ, ಡ್ರೈವರ್, ಮೂವರೇ. ಅವರ ಮುಖಗಳನ್ನು ಒಂದೊಂದಾಗಿ ನೋಡಿ, ಬಸ್ಸಿನೊಳಗೆ ಹತ್ತಿ, ಖಾಲಿ ಸೀಟುಗಳನ್ನು ನೋಡಿ ಕೆಳಗಿಳಿದ.

"ಅಮ್ಮ ಎಲ್ಲಿ?"

ಭಟ್ಟರು ನಡೆದದ್ದನ್ನು ಹೇಳಿದರು. ತಾವೇ ಒತ್ತಾಯಿಸಿ ಕಳಿಸಿದ್ದನ್ನೂ ಬಿಡಲಿಲ್ಲ.

"ನೀರಲ್ಲಿ ಹೋದದ್ದನ್ನು ನೀವು ಕಣ್ಣಿಂದ ನೋಡಿದ್ದೀರಾ?"

"ಇಲ್ಲ."

"ಮತ್ತೆ ಹೇಗೆ ಹೇಳುದು ಸತ್ತರು ಅಂತ?"



ಅದೇ ವಾರ ಹಳೆಯ ಪತ್ರಿಕೆಯ ಸಂಪಾದಕರು ಕಾರಿನಲ್ಲಿ ಪುತ್ತೂರಿಗೆ ಬಂದರು. "ಅಲ್ಲೇ ಇದ್ದವರು ನೀವು. ಬರೆದುಕೊಡಿ. ನಿಮ್ಮ ಕೆಲಸವನ್ನೂ ವಾಪಸು ಕೊಡುವ," ಎಂದರು. ಭಟ್ಟರು ಒಳಗೆ ಹೋಗಿ ಕುಳಿತವರು ಹೊರಗೆ ಬರಲೇ ಇಲ್ಲ. ಶಂಕರಿಯೇ ಕೈಮುಗಿದು ಅವರನ್ನು ಕಳಿಸಿಕೊಟ್ಟಳು.

ತೀರ್ಥರಾಮ ತಾನೇ ರಾಮೇಶ್ವರಕ್ಕೆ ಹೋದ. ಬರಿಗೈಯಲ್ಲಿ ಬಂದು, ದೇಹದ ಬದಲು ದರ್ಭೆಯ ಗೊಂಬೆ ಸುಟ್ಟು ತಾಯಿಯ ಕ್ರಿಯೆ ಮುಗಿಸಿದ. ಭಟ್ಟರು ಯಾತ್ರೆಯ ಕೆಲಸ ಬಿಟ್ಟರು. ಆದರೆ ಬೆಳ್ಳಾರೆಯ ಆ ಮನೆಗೆ ಹೋಗುವುದನ್ನು ಬಿಡಲಾಗಲಿಲ್ಲ. ಹೋಗಿ ಜಗಲಿಯ ತುದಿಯಲ್ಲಿ ಕೂರುವರು, ಯಾರಾದರೂ ಬೈಯಲಿ ಎಂದು ಕಾಯುವರು. ಯಾರೂ ಬೈಯುತ್ತಿರಲಿಲ್ಲ. ತೀರ್ಥರಾಮನ ಹೆಂಡತಿ ಸೇವಂತಿ ಬೆಲ್ಲ, ನೀರು ತಂದಿಟ್ಟು ಒಳಗೆ ಹೋಗುವಳು.

ಮಳೆಗಾಲಕ್ಕೆ ಮುಂಚೆ ಒಂದು ದಿನ ತೀರ್ಥರಾಮ ಅವರನ್ನು ಗೇಟಿನಲ್ಲೇ ನಿಲ್ಲಿಸಿದ.

"ಇನ್ನು ಬರುದು ಬೇಡ ಭಟ್ರೆ. ನಿಮ್ಮ ಮೇಲೆ ಸಿಟ್ಟು ಎಂತ ಇಲ್ಲ. ನಿಮ್ಮನ್ನು ಕಂಡ ಕೂಡಲೇ ಮಕ್ಕಳು ಅಜ್ಜಿಯನ್ನು ಕರ್ಕೊಂಡು ಬಂದರು ಅಂತ ಓಡಿ ಬರ್ತಾರೆ."

ಅವನ ಹಿಂದೆ, ಅಂಗಳದಲ್ಲಿ, ಮಕ್ಕಳು ಆಗಲೇ ಓಡಿ ಬರುತ್ತಿದ್ದರು. ಭಟ್ಟರು ತಿರುಗಿ, ಅವರು ತಲುಪುವ ಮೊದಲೇ ರಸ್ತೆಗೆ ಇಳಿದರು.